ಜೋರು ಮಳೆಯಲ್ಲಿ ಬಾರದ ಜ್ವರ ಮಳೆ ಬಿಟ್ಟ ಮೇಲೆ ಯಾಕೆ ಬಂತು?

ಕೇಳಿದವರು: ಬಿಜೈ ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು. ಮದುವೆಯಾಗಿ ಮಂಗಳೂರಿಗೆ ಬಂದು 11 ವರ್ಷವಾಯಿತು. ಬಿಜೈಯಲ್ಲಿ ಬಾಡಿಗೆ ಫ್ಲ್ಯಾಟ್. ಈ ವರ್ಷ ನಮ್ಮ ಮನೆಯಲ್ಲಿ ಎರಡು ಜ್ವರ ಆಯಿತು. ಎರಡೂ ನಾನು ಎಣಿಸದ ಹೊತ್ತಿನಲ್ಲಿ ಬಂದವು.

ಮೊದಲನೆಯದು ಏಪ್ರಿಲ್‌ನಲ್ಲಿ, ನಮ್ಮವರಿಗೆ. ಚಳಿ ಹತ್ತಿದರೆ ಎರಡು ಕಂಬಳಿ ಹೊದೆಸಿದರೂ ಮಂಚ ಅಲುಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಮಲೇರಿಯಾ ಅಂತ ಬಂತು. ಆಗ ಮಳೆಯ ಸುಳಿವೇ ಇರಲಿಲ್ಲ. ನಮ್ಮ ಕಟ್ಟಡದ ಎದುರಿನ ಚರಂಡಿಯೂ ಒಣಗಿ ಬಿರುಕು ಬಿಟ್ಟಿತ್ತು.

ಎರಡನೆಯದು ಮಗಳಿಗೆ. ಜೂನ್, ಜುಲೈ ಎರಡು ತಿಂಗಳೂ ಹೊಡೆದ ಮಳೆ ನಿಮಗೆಲ್ಲ ಗೊತ್ತು. ಆಗ ಮನೆಯಲ್ಲಿ ಸೊಳ್ಳೆ ಬ್ಯಾಟ್ ಮುಟ್ಟಿದ್ದೇ ಕಡಿಮೆ. ಆಟಿ (ಆಷಾಢ) ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಬಿಸಿಲು ಬಂತು. ಆಮೇಲೆ ಬಿಸಿಲು, ಮಧ್ಯೆ ಒಂದೊಂದು ಸಣ್ಣ ಮಳೆ, ಮತ್ತೆ ಬಿಸಿಲು. ಚೌತಿಗೆ ಮೂರು ದಿನ ಇರುವಾಗ ಅವಳಿಗೆ ಜ್ವರ. ಕಣ್ಣಿನ ಹಿಂದೆ ನೋವು ಅಂತ ಅಳುತ್ತಿದ್ದಳು. ಡೆಂಗಿ. ಪ್ಲೇಟ್‌ಲೆಟ್ 62 ಸಾವಿರಕ್ಕೆ ಇಳಿಯಿತು. ಆ ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ಈಗ ಮನೆಗೆ ಬಂದಿದ್ದಾಳೆ.

ಅಮ್ಮ ಫೋನಿನಲ್ಲಿ ಹೇಳುವುದು ಒಂದೇ ಮಾತು, ಮಳೆಗಾಲ ಅಂದರೆ ಉಮಿಲ್ (ಸೊಳ್ಳೆ) ಜಾಸ್ತಿ, ಜ್ವರವೂ ಜಾಸ್ತಿ ಅಂತ. ಹಾಗಾದರೆ ಜುಲೈಯಲ್ಲಿ ಯಾಕೆ ಬರಲಿಲ್ಲ? ಒಂದು ಹನಿ ಮಳೆ ಇಲ್ಲದ ಏಪ್ರಿಲ್‌ನಲ್ಲಿ ಮಲೇರಿಯಾ ಯಾಕೆ ಬಂತು? ಹವಾಮಾನ ಬದಲಾವಣೆ ಅಂತ ಟಿವಿಯಲ್ಲಿ ಹೇಳುವುದು ಇದನ್ನೇಯಾ? ಗೊತ್ತಿದ್ದವರು ಬಿಡಿಸಿ ಹೇಳಿ. ಮುಂದಿನ ವರ್ಷ ನನಗೆ ಇದು ಇನ್ನೊಮ್ಮೆ ಬೇಡ.

ಉತ್ತರ: ಹಳೇ ಟಾರ್ಚು

ತಂಗಿ, ಮಗಳು ಮನೆಗೆ ಬಂದದ್ದು ಕೇಳಿ ಸಮಾಧಾನ ಆಯಿತು. ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಡೆಂಗಿಯಲ್ಲಿ ಜ್ವರ ಇಳಿದ ಕೂಡಲೇ ನಿಶ್ಚಿಂತೆ ಮಾಡಬೇಡಿ. ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ನೋಡಿಕೊಳ್ಳಬೇಕಾದ ದಿನ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗಬಾರದು.

ನಾನು ಮಲೇರಿಯಾ ವಿಭಾಗದಲ್ಲಿ ಮನೆ ಮನೆ ಸುತ್ತಿ ನಿವೃತ್ತನಾದವನು. 1990 ರಿಂದ ಈಚೆಗೆ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಾ ಹೋದವು, ಮಲೇರಿಯಾವೂ ಏರುತ್ತಾ ಹೋಯಿತು. ನನ್ನ ಚೀಲದಲ್ಲಿ ಒಂದು ಟಾರ್ಚು, ಬಿಳಿ ಸೌಟು, ಕಿಸೆಯಲ್ಲಿ ಸಣ್ಣ ಕನ್ನಡಿ. ಬಿಸಿಲಿದ್ದರೆ ಕನ್ನಡಿ ಹಿಡಿದು ಬಾವಿಯೊಳಗೆ, ಡ್ರಮ್ಮಿನೊಳಗೆ ಬೆಳಕು ಬಿಡುವುದು. ಮೋಡ ಇದ್ದರೆ ಟಾರ್ಚು.

ನಿಮ್ಮ ಜುಲೈ ಪ್ರಶ್ನೆಗೆ ಬರುತ್ತೇನೆ. ಸೊಳ್ಳೆಯ ಮರಿಗೆ ನೀರು ಬೇಕು, ಆದರೆ ಅಲುಗದ ನೀರು ಬೇಕು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ 1000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಷ್ಟು ಬಿದ್ದರೆ ಹೂಕುಂಡದ ತಟ್ಟೆ, ಬಕೆಟು, ಟೈರು ಎಲ್ಲ ತುಂಬಿ ಚೆಲ್ಲುತ್ತದೆ. ಮರಿಗಳೂ ಚೆಲ್ಲಿ ಹೋಗುತ್ತವೆ. ಮಳೆ ಬಿಟ್ಟಾಗ ಅದೇ ತಟ್ಟೆಯಲ್ಲಿ ನೀರು ಸುಮ್ನೆ ನಿಲ್ಲುತ್ತದೆ. ಮೇಲಿಂದ ಬಿಸಿಲು, ನೀರು ಬೆಚ್ಚಗಾಗುತ್ತದೆ. ಮಧ್ಯದ ಸಣ್ಣ ಮಳೆ ಆವಿಯಾದಷ್ಟು ನೀರನ್ನು ತುಂಬಿ ಕೊಡುತ್ತದೆ, ಚೆಲ್ಲಿಸುವುದಿಲ್ಲ. ಡೆಂಗಿ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಇಲ್ಲ.

ಈಗ ನೀವು ಬರೆದ ದಿನಗಳನ್ನು ಲೆಕ್ಕ ಹಾಕಿ ನೋಡಿದೆ. ಮೊಟ್ಟೆ ಒಡೆದು ಹಾರುವ ಸೊಳ್ಳೆ ಆಗಲು 7 ರಿಂದ 10 ದಿನ. ಅದು ಜ್ವರ ಇರುವ ಯಾರನ್ನಾದರೂ ಕಚ್ಚಬೇಕು. ಕಚ್ಚಿದ ಕೂಡಲೇ ಅದು ರೋಗ ಹರಡುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬರಬೇಕು. ನಮ್ಮ ಆಗಸ್ಟ್ ತಿಂಗಳ ಶಾಖಕ್ಕೆ ಅದಕ್ಕೆ ಸುಮಾರು 10 ದಿನ. ಆಮೇಲೆ ನಿಮ್ಮ ಮಗಳನ್ನು ಕಚ್ಚಿದ ಮೇಲೆ ಜ್ವರ ಕಾಣಲು ಇನ್ನೂ ಐದಾರು ದಿನ. ಎಲ್ಲ ಕೂಡಿಸಿದರೆ ನಾಲ್ಕು ವಾರದ ಹತ್ತಿರ. ಅಮಾವಾಸ್ಯೆ ಕಳೆದು ನಾಲ್ಕನೇ ದಿನಕ್ಕೆ ಬಿಸಿಲು, ಚೌತಿಗೆ ಮೂರು ದಿನ ಇರುವಾಗ ಜ್ವರ. ಸರಿಸುಮಾರು 27 ದಿನ. ಒಂದು ಮನೆಯ ಲೆಕ್ಕದಿಂದ ಎಲ್ಲ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಮಳೆ ಬಿಟ್ಟು ಮೂರು ನಾಲ್ಕು ವಾರಕ್ಕೆ ಜ್ವರದ ಮನೆಗಳು ಹೆಚ್ಚುವುದನ್ನು ನಾನು ವರ್ಷ ವರ್ಷ ನೋಡಿದ್ದೇನೆ.

ಏಪ್ರಿಲ್ ಕಥೆ ಬೇರೆ. ಮಲೇರಿಯಾ ಹರಡುವ ನಮ್ಮ ಪೇಟೆಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಅದು ಚರಂಡಿಯ ಕೊಳಕು ನೀರಿನ ಹತ್ತಿರ ಹೋಗುವುದು ಕಡಿಮೆ. ಅದಕ್ಕೆ ತಿಳಿ ನೀರು ಬೇಕು. ತಾರಸಿಯ ಟ್ಯಾಂಕು, ಬಾವಿ, ಸಂಪು, ಕಟ್ಟುತ್ತಿರುವ ಕಟ್ಟಡದ ನೀರು. ಅಂದರೆ ನಾವೇ ತುಂಬಿಸಿ ಇಟ್ಟ ನೀರು. ಮಳೆ ಇಲ್ಲದಿದ್ದರೂ ಅದು ಇರುತ್ತದೆ, ಅಲ್ವಾ? ಬೇಸಿಗೆಯಲ್ಲಿ ನಳ್ಳಿ ನೀರು ದಿನ ಬಿಟ್ಟು ದಿನ ಬಂದರೆ ಇನ್ನೂ ಜಾಸ್ತಿ ತುಂಬಿಸಿ ಇಡುತ್ತೇವೆ. ಸೆಕೆಗೆ ಕಿಟಕಿ ತೆರೆದು ಮಲಗುತ್ತೇವೆ. ಆ ಸೊಳ್ಳೆ ಕಚ್ಚುವುದೂ ರಾತ್ರಿ.

2019 ನೆನಪಿದೆಯಾ? ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿದು ಮಂಗಳೂರಿಗೆ ನೀರು ರೇಷನ್ ಆಯಿತು. ಮನೆ ಮನೆಯಲ್ಲಿ ಡ್ರಮ್ಮು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8 ಕ್ಕೆ. ಜುಲೈಯಲ್ಲಿ ಗುಜ್ಜರಕೆರೆ ಕಡೆಯಿಂದ ಡೆಂಗಿ ಎದ್ದಿತು. ಡ್ರಮ್ಮು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಡೆಂಗಿ ಸೊಳ್ಳೆ ತನ್ನ ಮೊಟ್ಟೆಯನ್ನು ನೀರಿನ ಗೆರೆಯ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮೊದಲ ಮಳೆಗೆ ನೀರು ಆ ಗೆರೆ ಮುಟ್ಟಿದರೆ ಸಾಕು. ಹಾಗಾಗಿ ಡ್ರಮ್ಮಿನ ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ. ತೆಂಗಿನ ನಾರು ತೆಗೆದುಕೊಂಡು ಒಳಗಿನ ಗೋಡೆ ತಿಕ್ಕಬೇಕು. ನನ್ನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ.

ಉತ್ತರ: ಸೆಂಟ್ರಿಂಗ್ ಹಲಗೆ

ನಾನು ಸೈಟ್ ಸೂಪರ್‌ವೈಸರ್. ಮಲೇರಿಯಾ ಅಂದ ಕೂಡಲೇ ಎಲ್ಲರೂ ಕಟ್ಟಡದವರ ಕಡೆ ಬೆರಳು ತೋರಿಸುತ್ತಾರೆ. ಸ್ಲ್ಯಾಬ್ ಹಾಕಿದ ಮೇಲೆ ಪಾತಿ ಕಟ್ಟಿ ಕನಿಷ್ಠ 7 ರಿಂದ 10 ದಿನ ನೀರು ನಿಲ್ಲಿಸದಿದ್ದರೆ ಕಾಂಕ್ರೀಟ್ ಬಿರುಕು ಬಿಡುತ್ತದೆ. ಆಗ ಬೈಸಿಕೊಳ್ಳುವುದೂ ನಾವೇ. ಮತ್ತೆ ಮೊದಲು ಜ್ವರ ಬರುವುದು ಸೈಟಿನಲ್ಲೇ ಮಲಗುವ ನಮ್ಮ ಹುಡುಗರಿಗೆ. ಹೋದ ವರ್ಷ ನಮ್ಮ ಸೈಟಿನಲ್ಲಿ ನಾಲ್ಕು ಜನ ಮಲಗಿದರು. ಒಬ್ಬನಂತೂ ಮಾತ್ರೆ ಅರ್ಧಕ್ಕೆ ಬಿಟ್ಟು ಊರಿಗೆ ಹೋದ. ನಮಗೆ ದಾರಿ ಹೇಳಿ, ಮಾಡುತ್ತೇವೆ.

ಉತ್ತರ: ಹಳೇ ಟಾರ್ಚು

ನೀವು ಹೇಳಿದ್ದು ಸರಿ. ಸೈಟಿನಲ್ಲಿ ಮಲಗುವವನಿಗೆ ಕಿಟಕಿಯೂ ಇಲ್ಲ, ಸೊಳ್ಳೆಪರದೆಯೂ ಇಲ್ಲ. ಅವನೇ ರೋಗ ತಂದ ಅಂತ ಹೇಳುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಮೊದಲು ಅವರಿಗೆ ಪರದೆ ಕೊಡಿ.

ಪಾತಿಗೆ ದಾರಿ ಉಂಟು. ಸ್ಲ್ಯಾಬಿನ ನೀರು ಬಿಸಿಲಿಗೆ ಬೆಚ್ಚಗಿರುತ್ತದೆ, ಮರಿ ಬೇಗ ಬೆಳೆಯುತ್ತದೆ. ನಿಮ್ಮ 7 ರಿಂದ 10 ದಿನವೂ ಸೊಳ್ಳೆಯ 7 ರಿಂದ 10 ದಿನವೂ ಒಂದೇ, ನೋಡಿ. ಐದನೇ ದಿನ ಬೆಳಿಗ್ಗೆ ಪಾತಿ ಒಡೆದು ನೀರನ್ನು ಪೂರ್ತಿ ಗುಡಿಸಿ ಹಾಕಿ, ಕೂಡಲೇ ಹೊಸ ನೀರು ಬಿಡಿ. ಕಾಂಕ್ರೀಟ್ ಒಣಗುವುದಿಲ್ಲ, ಮರಿ ಕೆಳಗಿನ ಬಿಸಿ ಮಣ್ಣಿಗೆ ಬಿದ್ದು ಸಾಯುತ್ತದೆ. ಕಂಬಗಳಿಗೆ ಗೋಣಿ ಸುತ್ತಿ ಒದ್ದೆ ಮಾಡಿದರೆ ಸಾಕು. ಆದರೆ ಲಿಫ್ಟ್ ಗುಂಡಿ ಮರೆಯಬೇಡಿ. ನಾನು ಇಳಿದ ಲಿಫ್ಟ್ ಗುಂಡಿಗಳಲ್ಲಿ ಮರಿ ಇಲ್ಲದ್ದು ಕಡಿಮೆ. ಮಳೆ ಬರಲಿ ಬಿಡಲಿ ಅಲ್ಲಿ ವರ್ಷವಿಡೀ ನೀರು.

2024 ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದಾಗ ನಗರದ ಮನೆಗೆ 400 ರೂಪಾಯಿ, ಕಟ್ಟುತ್ತಿರುವ ಕಟ್ಟಡಕ್ಕೆ 2000 ರೂಪಾಯಿ ದಂಡ ಇಟ್ಟಿತು. ದಂಡ ಇರಲಿ. ನಾಲ್ಕು ಜನ ಒಂದು ವಾರ ಮಲಗಿದರೆ ನಿಮ್ಮ ಕೆಲಸಕ್ಕೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಉತ್ತರ: ಕಾರ್ಕಳ ಹಾಳೆಮುಟ್ಟಾಳೆ

ಪೇಟೆಯ ಮಾತೇ ಆಯಿತು, ತೋಟದ್ದನ್ನೂ ಸೇರಿಸುತ್ತೇನೆ. ನಮ್ಮದು ಅಡಿಕೆ, ಜೊತೆಗೆ ಒಂದು ಎಕರೆ ರಬ್ಬರ್. ನಮ್ಮಲ್ಲಿ ಇರುವುದು ಡೆಂಗಿಯ ಇನ್ನೊಂದು ಸೊಳ್ಳೆ, ಬೆನ್ನಿನ ಮೇಲೆ ಒಂದೇ ಬಿಳಿ ಗೆರೆ ಇರುವುದು. ಮಳೆಗಾಲದಲ್ಲಿ ರಬ್ಬರ್ ಟ್ಯಾಪಿಂಗ್ ನಿಲ್ಲಿಸಿದಾಗ ರಬ್ಬರ್ ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಗೆರಟೆಯನ್ನು ಹಾಗೇ ಬಿಡುತ್ತಿದ್ದೆವು. ಒಂದು ಎಕರೆಗೆ 200 ಗೆರಟೆ ಅಂದರೆ 200 ಬಟ್ಟಲು ನೀರು. ಈಗ ಎಲ್ಲವನ್ನೂ ಕವುಚಿ ಇಡುತ್ತೇವೆ. ಅರ್ಧ ದಿನದ ಕೆಲಸ.

ಬಿದ್ದ ಅಡಿಕೆ ಹಾಳೆ ಇನ್ನೂ ಕಷ್ಟ. ದೋಣಿಯ ಹಾಗೆ ಅಂಗಾತ ಬಿದ್ದು ಒಂದು ಲೋಟ ನೀರು ಹಿಡಿಯುತ್ತದೆ. ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಬಂದು ಒಂದು ಹಾಳೆಯ ನೀರನ್ನು ಬಿಳಿ ತಟ್ಟೆಗೆ ಸುರಿದು ತೋರಿಸಿದರು. ಕಪ್ಪು ನೀರಿನಲ್ಲಿ ನೂಲಿನ ತುಂಡಿನ ಹಾಗೆ ಕುಣಿಯುವ ಮರಿಗಳು. ಎಣಿಸಿದೆ, 31. ಅದೇ ದಿನದಿಂದ ವಾರಕ್ಕೊಮ್ಮೆ ಹಾಳೆ ಹೆಕ್ಕುವುದು ನಿಲ್ಲಲಿಲ್ಲ. ಹಾಳೆ ತಟ್ಟೆ ಮಾಡುವವರು ಬಂದು ಕೊಂಡು ಹೋಗುತ್ತಾರೆ, ನಾಲ್ಕು ಕಾಸೂ ಆಯಿತು.

ಉತ್ತರ: ಕೊಣಾಜೆ ಬಸ್

ಎಂಎಸ್ಸಿ ಓದುತ್ತಿದ್ದೇನೆ. ಶಾಖದ ವಿಷಯ ಸ್ವಲ್ಪ ಸೇರಿಸುತ್ತೇನೆ, ಅಕ್ಕನ ಕೊನೆಯ ಪ್ರಶ್ನೆ ಅದೇ ಅಲ್ವಾ.

ಸೊಳ್ಳೆಗೆ ಅದರದ್ದೇ ಮೈ ಬಿಸಿ ಇಲ್ಲ. ಹೊರಗೆ ಎಷ್ಟು ಬಿಸಿಯೋ ಒಳಗೂ ಅಷ್ಟೇ. ಹಾಗಾಗಿ ಅದರ ಹೊಟ್ಟೆಯಲ್ಲಿ ಬೆಳೆಯುವ ರೋಗಾಣುವಿಗೆ ಹವೆಯೇ ಗಡಿಯಾರ. ವೈವಾಕ್ಸ್ ಪರೋಪಜೀವಿ 20 ಡಿಗ್ರಿಯಲ್ಲಿ ತಯಾರಾಗಲು ಸುಮಾರು 19 ದಿನ ಬೇಕು. 25 ರಲ್ಲಿ 10 ದಿನ. 28 ರಲ್ಲಿ 8 ದಿನ. ಸೊಳ್ಳೆ ಬದುಕುವುದೇ ಎರಡು ಮೂರು ವಾರ. ಅಂದರೆ ತಂಪು ಊರಿನಲ್ಲಿ ರೋಗಾಣು ತಯಾರಾಗುವ ಮೊದಲೇ ಹೆಚ್ಚಿನ ಸೊಳ್ಳೆಗಳು ಸತ್ತಿರುತ್ತವೆ. ಡೆಂಗಿ ವೈರಸ್ಸಿಗೂ ಹಾಗೇ, 25 ಡಿಗ್ರಿಯಲ್ಲಿ ಸುಮಾರು 15 ದಿನ, 30 ರಲ್ಲಿ ಆರೇಳು ದಿನ. ದೆಹಲಿಯ ಚಳಿಗಾಲದಲ್ಲಿ ಈ ಗಡಿಯಾರ ನಿಂತೇ ಹೋಗುತ್ತದೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ 20 ರ ಆಸುಪಾಸು, ಹಗಲು 30 ದಾಟುತ್ತದೆ. ನಮಗೆ ಆ ರಜೆ ಇಲ್ಲ. ಜೊತೆಗೆ ಕಡಲ ಬದಿಯ ತೇವ. ಒಣ ಹವೆಯಲ್ಲಿ ಸೊಳ್ಳೆ ಬೇಗ ಸಾಯುತ್ತದೆ, ಇಲ್ಲಿ ಹೆಚ್ಚು ದಿನ ಬದುಕುತ್ತದೆ.

ಬಿಸಿ ಏರಿದಷ್ಟೂ ರೋಗ ಏರುತ್ತದೆ ಅಂತಲೂ ಅಲ್ಲ. ಮಲೇರಿಯಾಕ್ಕೆ 25 ರ ಹತ್ತಿರ ಹೆಚ್ಚು ಅನುಕೂಲ, ಡೆಂಗಿಗೆ 29 ರ ಹತ್ತಿರ. ಅದರಿಂದ ತುಂಬಾ ಮೇಲೆ ಹೋದರೆ ಸೊಳ್ಳೆಗೇ ಕಷ್ಟ. ಹಾಗಾಗಿ ಭೂಮಿ ಬಿಸಿಯಾದರೆ ಮೊದಲು ಬದಲಾಗುವುದು ತಂಪು ಊರುಗಳು. 2022 ರಲ್ಲಿ ಕಠ್ಮಂಡು ಕಣಿವೆಯಲ್ಲಿ ಡೆಂಗಿ ಎಷ್ಟು ಜೋರಾಗಿ ಬಂತು ನೋಡಿ. ಅದು ಸುಮಾರು 1300 ಮೀಟರ್ ಎತ್ತರದಲ್ಲಿದೆ. ನಮ್ಮ ಕರಾವಳಿ ಮೊದಲಿಂದಲೂ ಬೆಚ್ಚಗೇ ಇದೆ. ನಮಗೆ ನೋಡಬೇಕಾದ್ದು ಮಳೆ ಬೀಳುವ ರೀತಿ. ಒಮ್ಮೆಗೇ ಸುರಿದು ಹತ್ತು ದಿನ ಬಿಡುವು ಕೊಡುವ ಮಳೆ ಹೆಚ್ಚಾದರೆ ಟಾರ್ಚು ಅಣ್ಣ ಹೇಳಿದ ತೊಟ್ಟಿಲುಗಳೂ ಹೆಚ್ಚಾಗುತ್ತವೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಪುಣೆಯ ಡೆಂಗಿ ಸಾವುಗಳನ್ನು ಮಳೆಯ ಜೊತೆ ಇಟ್ಟು ನೋಡಿ 2025 ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರಕ್ಕೆ 150 ಮಿಲಿಮೀಟರ್ ತನಕದ ಮಳೆ ಡೆಂಗಿಗೆ ಅನುಕೂಲ, ಅದಕ್ಕಿಂತ ಜೋರಾದರೆ ಮರಿಗಳನ್ನು ತೊಳೆದು ಹಾಕುತ್ತದೆ ಅಂತ ಅವರಿಗೆ ಕಂಡಿತು. ಅದು ಪುಣೆಯ ಲೆಕ್ಕ. ನಮ್ಮಲ್ಲಿ 150 ಮಿಲಿಮೀಟರ್ ಒಂದೇ ದಿನ ಬಿದ್ದದ್ದೂ ಉಂಟು. ಆದರೆ ನಿಮ್ಮ ಜುಲೈಯಲ್ಲಿ ಆದದ್ದು ಆ ತೊಳೆಯುವ ಮಳೆ, ಚೌತಿಯ ಮೊದಲು ಆದದ್ದು ಆ ಅನುಕೂಲದ ಮಳೆ.

ಇನ್ನೊಂದು. ನಮ್ಮ ಟ್ಯಾಂಕಿನ ಸ್ಟೀಫೆನ್ಸಿ ಸೊಳ್ಳೆ 2012 ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಸಿಕ್ಕಿತು. ಆಮೇಲೆ ಇಥಿಯೋಪಿಯಾದಲ್ಲೂ. ಅಲ್ಲಿ ಮಳೆಗಾಲದ ಕಾಯಿಲೆಯಾಗಿದ್ದ ಮಲೇರಿಯಾ ಒಣ ತಿಂಗಳಲ್ಲೂ, ಪೇಟೆಯ ನಡುವೆ, ಬರತೊಡಗಿತು. ಅಕ್ಕ, ನಿಮ್ಮ ಏಪ್ರಿಲ್ ಪ್ರಶ್ನೆಯನ್ನು ಈಗ ಅಲ್ಲಿಯವರೂ ಕೇಳುತ್ತಿದ್ದಾರೆ.

ಬಿಜೈ ಮೂರನೇ ಮಹಡಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚು ಅಣ್ಣ, ಎರಡು ಸಂಶಯ. ನಮ್ಮ ಟ್ಯಾಂಕಿಗೆ ಮುಚ್ಚಳ ಉಂಟು, ಹಾಗಾದರೂ ಸೊಳ್ಳೆ ಆಗುತ್ತದಾ? ಮತ್ತೆ ಅಮ್ಮ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿದಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಅನ್ನುತ್ತಾರೆ. ಈ ವರ್ಷ ನಾವು ಕುಡಿಯಲಿಲ್ಲ.

ಉತ್ತರ: ಹಳೇ ಟಾರ್ಚು

ಕಷಾಯ ನಮ್ಮ ಮನೆಯಲ್ಲೂ ಕುಡಿಯುತ್ತೇವೆ, ಮರ ಸರಿಯಾಗಿ ಗುರುತಿಸುವವರು ತಂದರೆ ಮಾತ್ರ. ಹಿರಿಯರ ಪದ್ಧತಿ, ಅಮ್ಮನ ಮಾತು ತೆಗೆದು ಹಾಕಬೇಡಿ. ಆದರೆ ಕುಡಿದಿದ್ದೇವೆ ಅಂತ ಜ್ವರ ಬಂದಾಗ ರಕ್ತ ಪರೀಕ್ಷೆ ತಡ ಮಾಡಿದರೆ ಅದು ತಪ್ಪು. ಮಲೇರಿಯಾ ಬೇಗ ಸಿಕ್ಕಿದರೆ ಆ ಮನೆಯಿಂದ ಪಕ್ಕದ ಮನೆಗೆ ಹೋಗುವುದು ಕಡಿಮೆ. 2014 ರ ಅಕ್ಟೋಬರಿನಿಂದ ನಮ್ಮ ಹುಡುಗರ ಕೈಗೆ ಟ್ಯಾಬ್ ಬಂದು ಪ್ರತಿ ರೋಗಿಯ ಮನೆ ಕೂಡಲೇ ಗೊತ್ತಾಗತೊಡಗಿದ ಮೇಲೆ ಮಂಗಳೂರಿನಲ್ಲಿ ಮಲೇರಿಯಾ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಚ್ಚಳ ಉಂಟು ಅಂದರೆ ಸಾಲದು, ಹತ್ತಿ ನೋಡಿ. ಗಾಳಿಗೆ ಸರಿದಿರುತ್ತದೆ, ಪೈಪು ಹೋಗುವ ಕಡೆ ಬೆರಳಿನಷ್ಟು ಬಾಯಿ ಇರುತ್ತದೆ. ಟಾರ್ಚನ್ನು ನೇರ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಉಸಿರು ಬಿಗಿ ಹಿಡಿದು ನಿಲ್ಲಿ. ಮಲೇರಿಯಾ ಸೊಳ್ಳೆಯ ಮರಿ ಜೀರಿಗೆ ಕಾಳಿನ ಹಾಗೆ ನೀರಿನ ಮೇಲೆ ಉದ್ದಕ್ಕೆ ಮಲಗಿರುತ್ತದೆ. ನಿಮ್ಮ ನೆರಳು ಬಿದ್ದರೆ ಕೆಳಗೆ ಇಳಿಯುತ್ತದೆ. ಅರ್ಧ ನಿಮಿಷ ಕಾದರೆ ಒಂದೊಂದಾಗಿ ಮೇಲೆ ಬರುತ್ತದೆ. ಡೆಂಗಿಯದ್ದು ಮಲಗುವುದಿಲ್ಲ, ಬಾಲ ಮೇಲೆ ಮಾಡಿ ತಲೆಕೆಳಗಾಗಿ ನೇತಾಡುತ್ತದೆ. ಬಾವಿ ಇದ್ದರೆ ಗಪ್ಪಿ ಮೀನು ಬಿಡಿ, ಮೇಲೆ ಬಲೆ ಹಾಕಿ.

ಇನ್ನೊಂದು ವಿಷಯ ಕೇಳಬೇಕು. ನಿಮ್ಮವರಿಗೆ ಇದಕ್ಕೂ ಮೊದಲು ಯಾವಾಗಾದರೂ ಮಲೇರಿಯಾ ಬಂದಿತ್ತಾ? ಬಂದಿದ್ದರೆ 14 ದಿನದ ಪ್ರೈಮಾಕ್ವಿನ್ ಮಾತ್ರೆ ಪೂರ್ತಿ ನುಂಗಿದ್ದರಾ? ವೈವಾಕ್ಸ್ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಏಳುತ್ತದೆ. ಆಗ ಅದಕ್ಕೆ ಸೊಳ್ಳೆಯೂ ಬೇಡ, ಮಳೆಯೂ ಬೇಡ.

ಬಿಜೈ ಮೂರನೇ ಮಹಡಿ

ಅಣ್ಣ, ನಿಮ್ಮ ಪ್ರಶ್ನೆ ಓದಿ ನಮ್ಮವರನ್ನು ಕೇಳಿದೆ. ಹೋದ ನವೆಂಬರಿನಲ್ಲಿ ಕೆಲಸಕ್ಕೆ ಹೊರಗೆ ಹೋದಾಗ ಅವರಿಗೆ ಮಲೇರಿಯಾ ಆಗಿತ್ತು. ನನಗೆ ಸಾದಾ ಜ್ವರ ಅಂತ ಹೇಳಿದ್ದರು. ಜ್ವರ ಬಿಟ್ಟಿತು ಅಂತ ಐದನೇ ದಿನಕ್ಕೇ ಮಾತ್ರೆ ನಿಲ್ಲಿಸಿದ್ದರಂತೆ. ಏಪ್ರಿಲ್‌ನ ಮಾತ್ರೆಯೂ ಪೂರ್ತಿ ಮುಗಿದಿಲ್ಲ, ಪಟ್ಟಿಯಲ್ಲಿ ಆರು ಉಳಿದಿವೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ಇವತ್ತು ಸಂಜೆ ತಾರಸಿಗೆ ಹೋದೆ. ನಮ್ಮ ಟ್ಯಾಂಕಿನಲ್ಲಿ ಏನೂ ಇರಲಿಲ್ಲ. ವಾಪಸ್ ಬರುವಾಗ ಮಳೆಯ ಎರಚಲಿಗೆ ಅಂತ ನಾವೇ ಬಾಲ್ಕನಿಗೆ ಕಟ್ಟಿದ ನೀಲಿ ಟರ್ಪಾಲು ಕಣ್ಣಿಗೆ ಬಿತ್ತು. ಹಗ್ಗ ಸಡಿಲವಾಗಿ ನಡುವೆ ಜೋತು ಬಿದ್ದಿತ್ತು. ಮಡಿಕೆಯಲ್ಲಿ ಎರಡು ಬೆರಳು ನೀರು. ಟಾರ್ಚನ್ನು ಓರೆ ಹಿಡಿದೆ. ನೇತಾಡುತ್ತಿದ್ದವು, ಬಾಲ ಮೇಲೆ, ತಲೆ ಕೆಳಗೆ. ಮಗಳು ಓದಲು ಕೂರುವ ಕುರ್ಚಿಯಿಂದ ಅದು ಮೂರು ಅಡಿ ದೂರ.

ಬಿಚ್ಚಿ, ಬಿಸಿನೀರು ಹಾಕಿ, ನಾರಿನಿಂದ ತಿಕ್ಕಿ ಒಣಗಲು ಹಾಕಿದ್ದೇನೆ. ಕೆಳಗಿನ ಮೂರು ಬಾಲ್ಕನಿಯಲ್ಲೂ ಅಂಥದ್ದೇ ಟರ್ಪಾಲು ಉಂಟು. ಮಳೆ ಬಿಟ್ಟು ಇವತ್ತಿಗೆ ಆರು ದಿನ. ಬೆಳಿಗ್ಗೆ ಶಾಲೆ ಬಸ್ಸು ಬರುವ ಮೊದಲು ಮೂರೂ ಮನೆಯ ಬಾಗಿಲು ತಟ್ಟಬೇಕು.